ರಾಳದ ಗೂಳಿ ಮೈಮುರಿದರೆ

ಜಪಾನಿನ ಒಸಾಕಾ ವಿಶ್ವವಿದ್ಯಾಲಯದಲ್ಲಿ 2001ರಲ್ಲಿ ಒಂದು ಗೂಳಿ ತಯಾರಾಯಿತು. ಉದ್ದ 10 ಮೈಕ್ರೋಮೀಟರ್, ಎತ್ತರ 7 ಮೈಕ್ರೋಮೀಟರ್. ಸ್ಕೇಲಿನ ಮೇಲೆ ಒಂದು ಮಿಲಿಮೀಟರ್ ಜಾಗ ಕೊಟ್ಟರೆ ಇಂಥ ನೂರು ಗೂಳಿಗಳು ಒಂದರ ಹಿಂದೊಂದು ಸಾಲಾಗಿ ನಿಲ್ಲುತ್ತವೆ. ನಮ್ಮ ರಕ್ತದ ಒಂದು ಕೆಂಪು ಕಣ ಹೆಚ್ಚೂಕಡಿಮೆ ಇದರಷ್ಟೇ ದೊಡ್ಡದು. ಸತೋಶಿ ಕವಾಟ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಅದರ ಚಿತ್ರ ಪ್ರಕಟಿಸಿದಾಗ ಕೊಂಬು, ಕಾಲುಗಳೆಲ್ಲ ಸ್ಪಷ್ಟವಾಗಿ ಕಾಣುತ್ತಿದ್ದವು. 120 ನ್ಯಾನೊಮೀಟರ್‌ನಷ್ಟು ಸಣ್ಣ ವಿವರವನ್ನೂ ಕೆತ್ತಬಲ್ಲೆವು ಎಂದು ತೋರಿಸುವುದು ಅವರ ಉದ್ದೇಶವಾಗಿತ್ತು. ಅದೇ ಲೇಖನದಲ್ಲಿ ಒಂದು ಪುಟಾಣಿ ಸ್ಪ್ರಿಂಗ್ ಕೂಡ ಇತ್ತು. ಜನ ಅದನ್ನು ಮರೆತರು, ಗೂಳಿಯನ್ನು ನೆನಪಿಟ್ಟುಕೊಂಡರು.

ಆದರೆ ಲೇಸರ್ ಬೆಳಕಿನಿಂದ ರಾಳವನ್ನು ಗಟ್ಟಿ ಮಾಡಿ ರೂಪಿಸಿದ ಆ ಗೂಳಿ ಬರೀ ಪ್ರತಿಮೆ. ಸ್ಪ್ರಿಂಗನ್ನೂ ಹೊರಗಿನಿಂದ ಲೇಸರ್ ಕಿರಣದಲ್ಲಿ ಹಿಡಿದು ಎಳೆಯಬೇಕಿತ್ತು. ಈಚಿನ ಹತ್ತು ಹದಿನೈದು ವರ್ಷಗಳಲ್ಲಿ ಅದೇ ವಿಧಾನದಿಂದ, ಅಂಥದೇ ರಾಳದ ಹನಿಯಿಂದ, ತಾವಾಗಿಯೇ ಬಾಗುವ, ತೆರೆದುಕೊಳ್ಳುವ, ಕುಗ್ಗುವ, ಹಿಗ್ಗುವ ವಸ್ತುಗಳು ಹೊರಬರುತ್ತಿವೆ. ಕೆಲವಕ್ಕೆ ಬಿಸಿ ತಾಗಿದರೆ ಸಾಕು, ಕೆಲವಕ್ಕೆ ಬೆಳಕು ಬೇಕು, ಇನ್ನು ಕೆಲವು ಸುತ್ತಲಿನ ನೀರಿನ ಹುಳಿ ಹೆಚ್ಚುಕಡಿಮೆಯಾದರೆ ಅಲುಗುತ್ತವೆ. ಇದಕ್ಕೆ ಫೋರ್‌ಡಿ ಪ್ರಿಂಟಿಂಗ್ ಎಂಬ ಹೆಸರು ಚಾಲ್ತಿಯಲ್ಲಿದೆ. ಕಾಲವೇ ನಾಲ್ಕನೆಯ ಆಯಾಮ ಎಂಬ ಅರ್ಥದಲ್ಲಿ ಎಂಐಟಿಯ ಸ್ಕೈಲರ್ ಟಿಬಿಟ್ಸ್ 2013ರ ಒಂದು ಭಾಷಣದಲ್ಲಿ ಅದನ್ನು ಜನಪ್ರಿಯಗೊಳಿಸಿದರು. ಅವರ ವಸ್ತುಗಳು ಕೈಯಲ್ಲಿ ಹಿಡಿಯುವಷ್ಟು ದೊಡ್ಡವು. ಇಲ್ಲಿ ಹೇಳಹೊರಟಿರುವುದು ಕಣ್ಣಿಗೆ ಕಾಣದವುಗಳ ಕಥೆ.

ಮೊದಲು ಗೂಳಿ ಹೇಗೆ ಹುಟ್ಟಿತು ಎನ್ನುವುದನ್ನು ನೋಡಬೇಕು. ಅಲುಗಾಟದ ಗುಟ್ಟೂ ಅಲ್ಲೇ ಅಡಗಿದೆ. ಹಲ್ಲಿನ ಡಾಕ್ಟರು ಹುಳುಕಿಗೆ ಬಿಳಿ ಸಿಮೆಂಟು ತುಂಬಿ ನೀಲಿ ದೀಪ ಹಿಡಿಯುತ್ತಾರಲ್ಲ, ಮೆತ್ತಗಿದ್ದದ್ದು ಕೆಲವೇ ಸೆಕೆಂಡುಗಳಲ್ಲಿ ಕಲ್ಲಿನಂತಾಗುತ್ತದೆ. ಇಲ್ಲಿನ ರಸಾಯನವೂ ಅದೇ ಜಾತಿಯದು. ರಾಳದಲ್ಲಿ ಬಿಡಿಬಿಡಿ ಅಣುಗಳು ಇರುತ್ತವೆ. ಜೊತೆಗೆ, ಬೆಳಕು ಬಿದ್ದೊಡನೆ ಒಡೆದು ಕ್ರಿಯೆಗೆ ಚಾಲನೆ ಕೊಡುವ ಇನ್ನೊಂದು ರಾಸಾಯನಿಕವನ್ನು ಚಿಟಿಕೆಯಷ್ಟು ಬೆರೆಸಿರುತ್ತಾರೆ. ಅದು ಒಡೆದರೆ ಬಿಡಿ ಅಣುಗಳು ಒಂದಕ್ಕೊಂದು ಅಂಟಿ ಸರಪಳಿಗಳಾಗುತ್ತವೆ, ಸರಪಳಿಗಳ ನಡುವೆ ಅಡ್ಡಕೊಂಡಿಗಳು ಬಿದ್ದು ಬಲೆಯಾಗುತ್ತದೆ. ಆ ಬಲೆಯೇ ಗಟ್ಟಿ ಪಾಲಿಮರ್. 1980ರ ದಶಕದಲ್ಲಿ ಜಪಾನಿನ ಹಿಡಿಯೊ ಕೊಡಾಮ, ಅಮೆರಿಕದ ಚಕ್ ಹಲ್ ಮೊದಲಾದವರು ನೇರಳಾತೀತ ಬೆಳಕಿನಿಂದ ಹೀಗೆ ಪದರ ಪದರವಾಗಿ ವಸ್ತುಗಳನ್ನು ಕಟ್ಟಿದರು. ಪದರ ಪದರವಾಗಿ ಯಾಕೆಂದರೆ ನೇರಳಾತೀತ ಕಿರಣ ರಾಳದೊಳಗೆ ಹೋಗುವ ದಾರಿಯನ್ನೆಲ್ಲ ಗಟ್ಟಿ ಮಾಡುತ್ತಲೇ ಹೋಗುತ್ತದೆ. ಹನಿಯ ಮೇಲ್ಮೈಯನ್ನು ಮುಟ್ಟದೆ ಅದರ ಹೊಟ್ಟೆಯಲ್ಲಿ ಮಾತ್ರ ಒಂದು ಚುಕ್ಕಿ ಇಡು ಎಂದರೆ ಅದಕ್ಕೆ ಸಾಧ್ಯವಿಲ್ಲ.

ಅದನ್ನು ಸಾಧ್ಯವಾಗಿಸುವ ಭೌತಶಾಸ್ತ್ರವನ್ನು ಲೇಸರ್ ಹುಟ್ಟುವುದಕ್ಕೆ ಮೂರು ದಶಕ ಮುಂಚೆಯೇ ಒಬ್ಬ ತರುಣಿ ಕಾಗದದ ಮೇಲೆ ಬರೆದಿಟ್ಟಿದ್ದಳು. ಜರ್ಮನಿಯ ಗೊಟಿಂಗೆನ್‌ನಲ್ಲಿ ಮ್ಯಾಕ್ಸ್ ಬಾರ್ನ್ ಅವರ ಬಳಿ ಡಾಕ್ಟರೇಟ್ ಮಾಡಿದ ಮರಿಯಾ ಗೋಪರ್ಟ್ ಮೇಯರ್ 1930ರ ತಮ್ಮ ಪ್ರಬಂಧದಲ್ಲಿ, ಅಣುವೊಂದು ಒಂದೇ ಗಳಿಗೆಯಲ್ಲಿ ಎರಡು ಫೋಟಾನ್‌ಗಳನ್ನು, ಅಂದರೆ ಬೆಳಕಿನ ಎರಡು ಕಣಗಳನ್ನು ನುಂಗಬಹುದು, ಒಂದರ ಶಕ್ತಿ ಸಾಲದಿದ್ದರೆ ಎರಡರದ್ದೂ ಸೇರಿ ಸಾಕಾಗಬಹುದು ಎಂದು ತೋರಿಸಿದರು. ಪ್ರಯೋಗದಲ್ಲಿ ಅದನ್ನು ಕಾಣಲು 1961ರವರೆಗೆ, ಅಂದರೆ ಲೇಸರ್ ಬಂದ ಮರುವರ್ಷದವರೆಗೆ ಕಾಯಬೇಕಾಯಿತು. ಬೆಲ್ ಪ್ರಯೋಗಾಲಯದಲ್ಲಿ ಕೈಸರ್ ಮತ್ತು ಗ್ಯಾರೆಟ್ ಮಾಣಿಕ್ಯದ ಲೇಸರ್‌ನ ಕೆಂಪು ಬೆಳಕನ್ನು ಒಂದು ಹರಳಿಗೆ ಹಾಯಿಸಿದರು, ಹರಳು ನೀಲಿಯಾಗಿ ಮಿನುಗಿತು. ಇಷ್ಟು ವರ್ಷ ಮರಿಯಾ ಏನು ಮಾಡುತ್ತಿದ್ದರು? ಮದುವೆಯಾಗಿ ಅಮೆರಿಕಕ್ಕೆ ಹೋದ ಅವರಿಗೆ, ಗಂಡ ಪ್ರಾಧ್ಯಾಪಕರಾಗಿದ್ದ ಕಡೆ ಹೆಂಡತಿಗೂ ಹುದ್ದೆ ಕೊಡಬಾರದು ಎಂಬ ಕಟ್ಟಳೆಯಿಂದಾಗಿ ದಶಕಗಳ ಕಾಲ ಸರಿಯಾದ ಸಂಬಳದ ಕೆಲಸವಿರಲಿಲ್ಲ. ಪೂರ್ಣಾವಧಿ ಪ್ರಾಧ್ಯಾಪಕ ಹುದ್ದೆ ಸಂಬಳಸಮೇತ ಸಿಕ್ಕಿದ್ದು 1960ರಲ್ಲಿ. ಮೂರೇ ವರ್ಷಕ್ಕೆ ನೊಬೆಲ್ ಬಂತು, ಅದೂ ಪರಮಾಣು ಬೀಜದ ಕುರಿತ ಬೇರೆಯೇ ಕೆಲಸಕ್ಕೆ. ಎರಡು ಫೋಟಾನ್ ನುಂಗುವ ಸಾಮರ್ಥ್ಯವನ್ನು ಇಂದು ಅಳೆಯುವುದು ಅವರ ಹೆಸರಿನ ಏಕಮಾನದಲ್ಲಿ.

ಎರಡು ಫೋಟಾನ್‌ಗಳು ಒಂದೇ ಅಣುವಿನ ಬಳಿಗೆ ಒಂದೇ ಹೊತ್ತಿಗೆ ಬರುವುದು ಎಷ್ಟು ಅಪರೂಪ? ಎರಡು ಫೋಟಾನ್ ಸೂಕ್ಷ್ಮದರ್ಶಕವನ್ನು 1990ರಲ್ಲಿ ರೂಪಿಸಿದವರಲ್ಲೊಬ್ಬರಾದ ವಿನ್‌ಫ್ರೀಡ್ ಡೆಂಕ್ ಮುಂದೆ ಒಂದು ಲೆಕ್ಕ ಕೊಟ್ಟರು. ಸುಡುಬಿಸಿಲಿನಲ್ಲಿ ಇಟ್ಟ ಒಳ್ಳೆಯ ಬಣ್ಣದ ಅಣು ಸುಮಾರು ಸೆಕೆಂಡಿಗೊಮ್ಮೆ ಒಂದು ಫೋಟಾನನ್ನು ನುಂಗುತ್ತದೆ. ಎರಡನ್ನು ಒಟ್ಟಿಗೆ ನುಂಗಬೇಕಾದರೆ ಒಂದು ಕೋಟಿ ವರ್ಷ ಕಾಯಬೇಕು. ಆದ್ದರಿಂದ ಬೆಳಕನ್ನು ಜಾಗದಲ್ಲೂ ಕಾಲದಲ್ಲೂ ಒತ್ತಿ ಒತ್ತಿ ತುಂಬಬೇಕು. ಜಾಗದಲ್ಲಿ ಒತ್ತುವುದಕ್ಕೆ ಸೂಕ್ಷ್ಮದರ್ಶಕದ ಮಸೂರ ಇದೆ. ಕಾಲದಲ್ಲಿ ಒತ್ತುವುದಕ್ಕೆ ಫೆಮ್ಟೋಸೆಕೆಂಡ್ ಲೇಸರ್. (ಫೆಮ್ಟೋಸೆಕೆಂಡ್ ಎಂದರೆ ಸೆಕೆಂಡಿನ ಹತ್ತು ಕೋಟಿ ಕೋಟಿಯಲ್ಲಿ ಒಂದು ಪಾಲು.) ಈ ಕೆಲಸಕ್ಕೆ ಬಳಸುವ ಲೇಸರ್ ಸಾಮಾನ್ಯವಾಗಿ ಸೆಕೆಂಡಿಗೆ 8 ಕೋಟಿ ಬಾರಿ ಮಿನುಗುತ್ತದೆ, ಒಂದೊಂದು ಮಿನುಗು 100 ಫೆಮ್ಟೋಸೆಕೆಂಡಿನ ಆಸುಪಾಸು. ಗುಣಿಸಿ ನೋಡಿ: ಒಂದು ಪೂರ್ತಿ ಸೆಕೆಂಡಿನಲ್ಲಿ ದೀಪ ನಿಜಕ್ಕೂ ಉರಿದದ್ದು ಬರೀ 8 ಮೈಕ್ರೋಸೆಕೆಂಡ್. ಸರಾಸರಿ 20 ಮಿಲಿವ್ಯಾಟ್‌ನ ಬಡಕಲು ಲೇಸರ್ ಆ ಮಿನುಗಿನ ಕ್ಷಣದಲ್ಲಿ 2,500 ವ್ಯಾಟ್ ಆಗಿರುತ್ತದೆ. ರಾಳ ಸುಟ್ಟುಹೋಗುವುದಿಲ್ಲ, ಆದರೆ ಜೋಡಿ ಫೋಟಾನ್‌ಗಳಿಗೆ ಬರವಿರುವುದಿಲ್ಲ.

ಇದರಲ್ಲಿ ಇನ್ನೂ ಒಂದು ಅನುಕೂಲವಿದೆ. ಜೋಡಿ ಬೀಳುವ ಸಂಭವ ಬೆಳಕಿನ ತೀವ್ರತೆಯ ವರ್ಗದಂತೆ ಏರಿಳಿಯುತ್ತದೆ. ತೀವ್ರತೆ ಅರ್ಧವಾದರೆ ಕ್ರಿಯೆ ಕಾಲುಭಾಗ, ಹತ್ತನೇ ಒಂದು ಭಾಗವಾದರೆ ಕ್ರಿಯೆ ನೂರನೇ ಒಂದು ಭಾಗ. ಹಾಗಾಗಿ 780 ನ್ಯಾನೊಮೀಟರ್‌ನ ಕಡುಗೆಂಪು ಕಿರಣ ರಾಳದೊಳಗೆ ಏನೂ ಮಾಡದೆ ಹಾದುಹೋಗಿ, ಮಸೂರ ಅದನ್ನು ಕೂಡಿಸುವ ಒಂದೇ ಬಿಂದುವಿನಲ್ಲಿ 390 ನ್ಯಾನೊಮೀಟರ್‌ನ ನೇರಳೆಯಂತೆ ವರ್ತಿಸುತ್ತದೆ. ಬಿಂದುವಿನ ಆಚೆ ಈಚೆ ರಾಳ ರಾಳವಾಗಿಯೇ ಉಳಿಯುತ್ತದೆ. ಶೋಜಿ ಮಾರುವೊ, ಒಸಾಮು ನಾಕಾಮುರ ಮತ್ತು ಇದೇ ಕವಾಟ 1997ರಲ್ಲಿ ಈ ಉಪಾಯದಿಂದ ಮೂರು ಆಯಾಮದ ರಚನೆಗಳನ್ನು ಮಾಡಿ ತೋರಿಸಿದರು. ಹತ್ತು ವರ್ಷಗಳ ಬಳಿಕ, 2007ರಲ್ಲಿ, ಜರ್ಮನಿಯ ಕಾರ್ಲ್ಸ್‌ರೂಹೆಯ ತಾಂತ್ರಿಕ ಸಂಸ್ಥೆಯಿಂದ ಕವಲೊಡೆದ ನ್ಯಾನೊಸ್ಕ್ರೈಬ್ ಎಂಬ ಕಂಪನಿ ಇದನ್ನು ಯಂತ್ರವಾಗಿ ಮಾರತೊಡಗಿತು. ಅಲ್ಲಿಂದ ಮುಂದೆ ರಸಾಯನಶಾಸ್ತ್ರಜ್ಞರೂ ಜೀವಶಾಸ್ತ್ರಜ್ಞರೂ ಕೈಹಾಕಲು ಶುರುಮಾಡಿದರು. ನನ್ನ ಪ್ರಕಾರ ಆಟ ಸ್ವಾರಸ್ಯವಾದದ್ದು ಆಗಲೇ.

ಇಂಥ ಪ್ರಯೋಗಾಲಯದ ಕೋಣೆಯಲ್ಲಿ ಹಳದಿ ದೀಪ. ನೀಲಿ ಬೆಳಕು ತಾಗಿದರೆ ರಾಳ ಕೆಟ್ಟುಹೋಗುತ್ತದೆ. ತೆಳು ಗಾಜಿನ ಚೂರಿನ ಮೇಲೆ ಒಂದು ಹನಿ ರಾಳ, ಅದರಡಿ ಮಸೂರ. ಪರದೆಯ ಮೇಲೆ ನೋಡುತ್ತಿದ್ದರೆ ತಿಳಿಯಾದ ದ್ರವದಲ್ಲಿ ಗೆರೆಗಳು ಒಂದರ ಪಕ್ಕ ಒಂದು ಮೂಡುತ್ತಾ ಹೋಗುತ್ತವೆ, ಗಟ್ಟಿಯಾದ ಕಡೆ ಬೆಳಕು ಬಾಗುವ ರೀತಿ ಸ್ವಲ್ಪ ಬದಲಾಗುವುದರಿಂದ ಮಾತ್ರ ಅವು ಕಾಣುತ್ತವೆ. ಕೊನೆಗೆ ಗಾಜನ್ನು ದ್ರಾವಕದಲ್ಲಿ ಅದ್ದುತ್ತಾರೆ. ಬೆಳಕು ತಾಗದ ರಾಳವೆಲ್ಲ ಕರಗಿ ಹೋಗಿ, ತಾಗಿದ್ದಷ್ಟೇ ನಿಲ್ಲುತ್ತದೆ. ಒಣಗಿಸುವುದು ದೊಡ್ಡ ತಲೆನೋವು. ಆವಿಯಾಗುವ ದ್ರವದ ಮೇಲ್ಮೈ ಸೆಳೆತವೇ ಸಪೂರ ಕಂಬಗಳನ್ನು ಒಂದಕ್ಕೊಂದು ಎಳೆದು ಕೆಡವಬಲ್ಲದು.

ಇನ್ನು ಅಲುಗಾಟಕ್ಕೆ ಬರೋಣ. ಪಾಲಿ-ಎನ್-ಐಸೊಪ್ರೊಪಿಲ್‌ಅಕ್ರಿಲಮೈಡ್ ಎಂಬ ಬಾಯಿತುಂಬುವ ಹೆಸರಿನ ಪಾಲಿಮರ್ ಒಂದಿದೆ. ಸಂಶೋಧಕರು 'ಪಿನಿಪಾಮ್' ಎಂದು ಮುಗಿಸುತ್ತಾರೆ, ನಾವೂ ಹಾಗೇ ಕರೆಯೋಣ. ತಣ್ಣಗಿದ್ದಾಗ ಇದರ ಸರಪಳಿಗಳು ನೀರನ್ನು ಹಿಡಿದುಕೊಂಡು ಉಬ್ಬಿರುತ್ತವೆ. ಸುಮಾರು 32 ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ನೀರನ್ನು ಬಿಟ್ಟುಕೊಟ್ಟು ಮುದುಡಿಕೊಳ್ಳುತ್ತವೆ. ಬಿಸಿಯಾದರೆ ಹಿಗ್ಗಬೇಕು ಎಂಬ ಶಾಲೆಯ ಪಾಠಕ್ಕೆ ಇದು ಉಲ್ಟಾ. ತಣಿಸಿದರೆ ಮತ್ತೆ ಉಬ್ಬುತ್ತದೆ. ಹೆಸ್ಕಿನ್ಸ್ ಮತ್ತು ಗಿಲೆಟ್ ಎಂಬಿಬ್ಬರು 1968ರಷ್ಟು ಹಿಂದೆಯೇ ಈ ಗುಣವನ್ನು ವರದಿ ಮಾಡಿದ್ದರು, ಹೊಸ ವಸ್ತುವೇನಲ್ಲ.

ಉಬ್ಬುವುದು ಮುದುಡುವುದು ಸರಿ, ಬಾಗಿಸುವುದು ಹೇಗೆ? ಬಿಸಿಲಿಗೆ ಹಾಕಿದ ಹಪ್ಪಳದ ಅಂಚು ಯಾಕೆ ಮೇಲೇಳುತ್ತದೆ ಎನ್ನುವುದು ಮನೆಯಲ್ಲಿ ಹಪ್ಪಳ ಮಾಡುವವರಿಗೆಲ್ಲ ಗೊತ್ತು. ಮೇಲಿನ ಮೈ ಮೊದಲು ಒಣಗಿ ಕುಗ್ಗುತ್ತದೆ, ಕೆಳಗಿನದು ಇನ್ನೂ ಹಸಿ. ಎರಡು ಮುಖಗಳ ಅಳತೆಗೆ ಜಗಳ ಬಿದ್ದಾಗ ಹಾಳೆ ಬಾಗಿ ರಾಜಿ ಮಾಡಿಕೊಳ್ಳುತ್ತದೆ. ಎರಡು ಬೇರೆ ಬೇರೆ ಲೋಹದ ಪಟ್ಟಿಗಳನ್ನು ಬೆಸೆದು ಬಿಸಿ ಮಾಡಿದರೆ ಜೋಡಿ ಎಷ್ಟು ಬಾಗುತ್ತದೆ ಎಂಬುದಕ್ಕೆ ಎಂಜಿನಿಯರ್ ಟಿಮೊಶೆಂಕೊ 1925ರಲ್ಲೇ ಸೂತ್ರ ಕೊಟ್ಟಿದ್ದಾರೆ. ಅದರಂತೆ ಪಾಲಿಮರ್‌ನಲ್ಲೂ ಒಂದು ಪದರ ಹೆಚ್ಚು ಕುಗ್ಗುವ ವಸ್ತುವಿನದು, ಇನ್ನೊಂದು ಕಡಿಮೆ ಕುಗ್ಗುವುದರದ್ದು ಇಟ್ಟರೆ ಆಯಿತು. ಆದರೆ ಎರಡು ರಾಳ ಎಂದರೆ ಎರಡು ಬಾರಿ ಹನಿ ಹಾಕಬೇಕು, ಎರಡು ಬಾರಿ ತೊಳೆಯಬೇಕು, ನಡುವೆ ಗಾಜು ಒಂದು ಮೈಕ್ರೋಮೀಟರ್ ಸರಿದರೂ ಕೆಲಸ ಕೆಟ್ಟಂತೆ.

ಕಾರ್ಲ್ಸ್‌ರೂಹೆಯಲ್ಲಿ ಮಾರ್ಕ್ ಹಿಪ್ಲರ್, ಎವಾ ಬ್ಲಾಸ್ಕೊ, ಮಾರ್ಟಿನ್ ವೆಗೆನರ್ ಮತ್ತಿತರರು 2019ರಲ್ಲಿ ಪ್ರಕಟಿಸಿದ ಉಪಾಯ ಈ ರಗಳೆಯನ್ನೇ ತೆಗೆದುಹಾಕಿತು. ರಾಳ ಒಂದೇ, ತೊಳೆಯುವುದೂ ಒಂದೇ ಸಲ. ಬದಲಿಸಿದ್ದು ಲೇಸರ್‌ನ ಬಲವನ್ನು. ಬೆಳಕು ಜೋರಾಗಿ ಬಿದ್ದ ಕಡೆ ಅಡ್ಡಕೊಂಡಿಗಳು ಹೆಚ್ಚು ಬಿದ್ದು ಬಲೆ ಬಿಗಿಯಾಗುತ್ತದೆ, ಅಲ್ಲಿ ನೀರು ಕುಡಿಯುವುದಕ್ಕೂ ಉಗುಳುವುದಕ್ಕೂ ಅವಕಾಶ ಕಡಿಮೆ. ಮಂದವಾಗಿ ಬಿದ್ದ ಕಡೆ ಬಲೆ ಸಡಿಲ, ಅದು ಚೆನ್ನಾಗಿ ಉಬ್ಬುತ್ತದೆ, ಚೆನ್ನಾಗಿ ಮುದುಡುತ್ತದೆ. ತೊಲೆಯೊಂದರ ಒಂದು ಮಗ್ಗುಲನ್ನು ಜೋರಾಗಿ, ಇನ್ನೊಂದನ್ನು ಮಂದವಾಗಿ ಬರೆದರೆ ಬಿಸಿ ಮಾಡಿದಾಗ ತೊಲೆ ಮಂದ ಬರೆದ ಮಗ್ಗುಲಿಗೆ ಬಾಗುತ್ತದೆ. ಮಗ್ಗುಲು ಅದಲುಬದಲು ಮಾಡಿದರೆ ಆ ಕಡೆಗೆ. ತಣ್ಣಗಾದರೆ ಯಥಾಸ್ಥಾನ. ಲೇಸರನ್ನೇ ಮತ್ತೆ ಒಂದು ತೊಲೆಗೆ ಮಾತ್ರ ಹಿಡಿದರೆ ಅದೊಂದು ಮಾತ್ರ ಬಾಗುವಂತೆಯೂ ಅವರು ಮಾಡಿ ತೋರಿಸಿದರು.

ಇಡೀ ವಿಷಯದಲ್ಲಿ ನನಗೆ ಅತ್ಯಂತ ಮುಖ್ಯ ಎನಿಸುವುದು ಇದು. ಇಂಥ ಯಂತ್ರದಲ್ಲಿ ಬಿಡಿಭಾಗಗಳೇ ಇಲ್ಲ. ಕೀಲಿಲ್ಲ, ಮೊಳೆಯಿಲ್ಲ, ಮೋಟಾರಿಲ್ಲ. ಯಾವ ಕಡೆಗೆ ಬಾಗಬೇಕು, ಎಷ್ಟು ಬಾಗಬೇಕು ಎಂಬ ಆದೇಶವೆಲ್ಲ ಯಾವ ಬಿಂದುವಿಗೆ ಎಷ್ಟು ಬೆಳಕು ಬಿತ್ತು ಎಂಬ ಒಂದೇ ಸಂಖ್ಯೆಯಲ್ಲಿ ಅಡಗಿದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡು ಮಗ್ಗುಲುಗಳೂ ಒಂದೇ ಥರದ ಪಾಲಿಮರ್. ನೀರಿಗೆ ಹಾಕಿ ಬಿಸಿ ಮಾಡುವವರೆಗೆ ವ್ಯತ್ಯಾಸ ಹೊರಗೆ ಬೀಳುವುದೇ ಇಲ್ಲ.

ಇಂಥ ಮೆತ್ತನೆಯ, ನೀರು ಕುಡಿದು ಅಲುಗುವ ವಸ್ತುವಿನಿಂದ (ಜೆಲ್ ಎನ್ನುವುದು ಇದಕ್ಕೇ) ಎಂಥ ಯಂತ್ರವಾದೀತು ಎಂಬ ಅನುಮಾನ ಸಹಜ. ದೊಡ್ಡ ಅಳತೆಯಲ್ಲಿ ಅನುಮಾನ ಸರಿಯೇ. ಎಂಐಟಿಯ ತೊಯೊಇಚಿ ತನಾಕ ಮತ್ತು ಡೇವಿಡ್ ಫಿಲ್ಮೋರ್ 1979ರಲ್ಲಿ ತೋರಿಸಿದಂತೆ ಜೆಲ್ ಉಬ್ಬಲು ಹಿಡಿಯುವ ಕಾಲ ಅದರ ಗಾತ್ರದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ, ಯಾಕೆಂದರೆ ನೀರು ಬಲೆಯೊಳಗೆ ಇಂಚಿಂಚಾಗಿ ಜಿನುಗಿಯೇ ಹೋಗಬೇಕು. 10 ಮೈಕ್ರೋಮೀಟರ್‌ನ ಚೂರು ಒಂದು ಸೆಕೆಂಡಿನಲ್ಲಿ ಉಬ್ಬುತ್ತದೆ ಎಂದಿಟ್ಟುಕೊಳ್ಳಿ. ಅದೇ ಜೆಲ್‌ನ ಒಂದು ಸೆಂಟಿಮೀಟರ್ ಗಡ್ಡೆ ಸಾವಿರ ಪಟ್ಟು ದೊಡ್ಡದು, ಅದಕ್ಕೆ ಹತ್ತು ಲಕ್ಷ ಸೆಕೆಂಡ್ ಬೇಕು. ಎಂದರೆ ಹನ್ನೊಂದೂವರೆ ದಿನ. ಕೈಗಾತ್ರದಲ್ಲಿ ಕೆಲಸಕ್ಕೆ ಬಾರದ ಸೋಮಾರಿ ವಸ್ತು ಸೂಕ್ಷ್ಮ ಗಾತ್ರದಲ್ಲಿ ಚುರುಕು. ಅತ್ತ, ನಮ್ಮ ಲೋಕದಲ್ಲಿ ಚೆನ್ನಾಗಿ ನಡೆಯುವ ಹಲ್ಲುಚಕ್ರ, ಬೇರಿಂಗುಗಳು ಅಲ್ಲಿ ಒಂದಕ್ಕೊಂದು ಅಂಟಿಕೊಂಡು ಕೂರುತ್ತವೆ. ಗಾತ್ರ ಇಳಿದಂತೆ ತೂಕ ಬೇಗ ಬೇಗ ಕರಗುತ್ತದೆ, ಮೇಲ್ಮೈಗಳ ಅಂಟು ಮಾತ್ರ ಅಷ್ಟು ಬೇಗ ಕರಗುವುದಿಲ್ಲ. ಹೀಗಾಗಿ ದೊಡ್ಡ ಯಂತ್ರವನ್ನು ಕುಗ್ಗಿಸಿ ಸಣ್ಣ ಯಂತ್ರ ಮಾಡುವ ದಾರಿ ಇಲ್ಲಿ ನಡೆಯದು.

ಇವುಗಳಿಂದ ಇವತ್ತೇ ಆಗುತ್ತಿರುವ ಉಪಯೋಗ ಏನು ಎಂದು ಕೇಳಿದರೆ ನಾನು ಮೊದಲು ತೋರಿಸುವುದು ಒಂದೇ ಒಂದು ಜೀವಕೋಶವನ್ನು ಹಿಡಿದು ಎಳೆಯುವ ಸಾಧನವನ್ನು. ಇದೂ ಕಾರ್ಲ್ಸ್‌ರೂಹೆಯದೇ, 2020ರಲ್ಲಿ ಪ್ರಕಟವಾಯಿತು. ಕೋಶ ಕುಳಿತುಕೊಳ್ಳಲು ಗಟ್ಟಿ ಪಾಲಿಮರ್‌ನ ಪುಟ್ಟ ಅಟ್ಟಣೆ, ಅದರ ನಡುವೆ ಜೆಲ್‌ನ ತುಣುಕು. ಈ ಜೆಲ್ ಬಿಸಿಗೆ ಅಲುಗುವುದಲ್ಲ, ಕೋಶಕ್ಕೆ ಬಿಸಿ ಏರಿಳಿತ ಆಗಿಬರುವುದಿಲ್ಲ. ಅದರ ಬಲೆಯ ಕೆಲವು ಕೊಂಡಿಗಳು ಸೈಕ್ಲೊಡೆಕ್ಸ್‌ಟ್ರಿನ್ ಎಂಬ ಬಳೆಯಾಕಾರದ ಅಣುವಿನೊಳಗೆ ಅಡಮ್ಯಾಂಟೇನ್ ಎಂಬ ಉಂಡೆಯಾಕಾರದ ಅಣು ಕೂತು ಆದವು. ಅಂಥದೇ ಬಿಡಿ ಉಂಡೆಗಳನ್ನು ನೀರಿಗೆ ಬೆರೆಸಿದರೆ ಅವು ಬಳೆಗಳೊಳಗೆ ತಾವು ನುಗ್ಗಿ ಕೊಂಡಿಗಳನ್ನು ಬಿಡಿಸುತ್ತವೆ. ಬಲೆ ಸಡಿಲಾಗುತ್ತದೆ, ಜೆಲ್ ಉಬ್ಬುತ್ತದೆ, ಅಟ್ಟಣೆ ಅಗಲವಾಗುತ್ತದೆ, ಅದನ್ನು ಹಿಡಿದು ಕೂತ ಕೋಶವೂ ಹಿಗ್ಗುತ್ತದೆ. ಆಗ ಕೋಶ ಸುಮ್ಮನಿರುವುದಿಲ್ಲ. ತಾನು ಅಟ್ಟಣೆಯನ್ನು ಎಳೆಯುವ ಬಲವನ್ನು ಹೆಚ್ಚಿಸಿ ಎಳೆದಾಟದ ಹಳೆಯ ಸಮತೋಲಕ್ಕೆ ಮರಳಲು ನೋಡುತ್ತದೆ. ಹೃದಯದಲ್ಲಿ, ಶ್ವಾಸಕೋಶದಲ್ಲಿ ಕೋಶಗಳು ಹುಟ್ಟಿದಂದಿನಿಂದ ಹೀಗೆ ಹಿಗ್ಗಿ ಕುಗ್ಗುತ್ತಲೇ ಇರುತ್ತವೆ. ಚಪ್ಪಟೆ ಗಾಜಿನ ಮೇಲೆ ಮಲಗಿಸಿದ ಕೋಶದಿಂದ ಈ ವಿಚಾರ ಅಷ್ಟಾಗಿ ತಿಳಿಯುತ್ತಿರಲಿಲ್ಲ.

ನೀರಿಲ್ಲದೆಯೂ ಅಲುಗುವ ಇನ್ನೊಂದು ಬಳಗವಿದೆ, ದ್ರವಹರಳುಗಳದು. ಟಿವಿ ಪರದೆಯಿಂದಾಗಿ ಎಲ್ಲರಿಗೂ ಪರಿಚಯವಾದ ಈ ಅಣುಗಳು ಕಡ್ಡಿಯಾಕಾರದವು, ಒಂದೇ ದಿಕ್ಕಿಗೆ ತಲೆಯಿಟ್ಟು ಮಲಗುವ ಸ್ವಭಾವದವು. ಅವನ್ನು ರಬ್ಬರಿನಂಥ ಬಲೆಯಲ್ಲಿ ಹೆಣೆದು ಬಿಸಿ ಮಾಡಿದರೆ ಕಡ್ಡಿಗಳ ಶಿಸ್ತು ತಪ್ಪಿ, ಬಲೆ ಆ ದಿಕ್ಕಿನಲ್ಲಿ ಗಿಡ್ಡವಾಗುತ್ತದೆ. ಸ್ನಾಯು ಮಾಡುವ ಕೆಲಸವೂ ಅದೇ. (ದ್ರವಹರಳು ಎಂದಾಗ ಬೆಂಗಳೂರನ್ನು ನೆನೆಯದೆ ಇರಲಾಗದು. ಕಡ್ಡಿಯಾಕಾರದ ಅಣುಗಳಷ್ಟೇ ಅಲ್ಲ, ಬಿಲ್ಲೆಯಾಕಾರದವೂ ದ್ರವಹರಳಾಗಬಲ್ಲವು ಎಂದು 1977ರಲ್ಲಿ ಜಗತ್ತಿಗೆ ತೋರಿಸಿದ್ದು ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ಮತ್ತು ಸಂಗಡಿಗರು. ಚಂದ್ರಶೇಖರ್ ಸಿ.ವಿ. ರಾಮನ್‌ರ ಸೋದರಳಿಯ. ಚಂದ್ರಶೇಖರ್ ಆಮೇಲೆ ಕಟ್ಟಿದ ದ್ರವಹರಳು ಸಂಶೋಧನಾ ಕೇಂದ್ರವೇ ಬೆಳೆದು ಇಂದಿನ ನ್ಯಾನೊ ಮತ್ತು ಮೃದುದ್ರವ್ಯ ವಿಜ್ಞಾನಗಳ ಕೇಂದ್ರ 'ಸೆನ್ಸ್' ಆಗಿದೆ.) ಇಟಲಿಯ ಫ್ಲಾರೆನ್ಸ್‌ನ ಲೆನ್ಸ್ ಪ್ರಯೋಗಾಲಯದಲ್ಲಿ ಡೀಡೆರಿಕ್ ವಿಯರ್ಸ್ಮಾ ಅವರ ತಂಡ 2015ರಲ್ಲಿ ಇಂಥ ದ್ರವಹರಳಿನ ರಬ್ಬರನ್ನು ಮೈಯಾಗಿಟ್ಟು, ಗಟ್ಟಿ ಪಾಲಿಮರ್‌ನ ಮೊನಚು ಕಾಲುಗಳನ್ನು ಹಚ್ಚಿ, ಕೂದಲ ದಪ್ಪದ ಅಂದಾಜಿನ ಒಂದು 'ನಡೆಯುವ ಹುಳು' ಮಾಡಿತು. ಹಸಿರು ಲೇಸರ್ ಮಿನುಗಿದಾಗ ಮೈ ಮುದುಡುತ್ತದೆ, ಆರಿದಾಗ ಸಡಿಲುತ್ತದೆ. ಕಾಲುಗಳನ್ನು ಮೊನಚು ಮಾಡಿದ್ದು ಅಂದಕ್ಕಲ್ಲ. ಅಡಿ ಅಗಲವಾಗಿದ್ದರೆ ಹುಳು ನೆಲಕ್ಕೆ ಅಂಟಿ ಕೂತು ಏಳುತ್ತಲೇ ಇರಲಿಲ್ಲ. ಅದು ಯಾವ ಕಡೆ ಹೋಗುತ್ತದೆ ಎನ್ನುವುದನ್ನೂ ಬಹುಮಟ್ಟಿಗೆ ನೆಲವೇ ತೀರ್ಮಾನಿಸುತ್ತಿತ್ತು.

ಅದು ನೆಲದ ಮೇಲಿನ ಹುಳು. ನೀರಿಗಿಳಿದರೆ ಬೇರೆಯೇ ಕಾನೂನು. ಭೌತವಿಜ್ಞಾನಿ ಎಡ್ವರ್ಡ್ ಪರ್ಸೆಲ್ 1977ರಲ್ಲಿ ಬರೆದ ಪ್ರಸಿದ್ಧ ಲೇಖನವೊಂದರಲ್ಲಿ ಕಪ್ಪೆಚಿಪ್ಪಿನ ಉದಾಹರಣೆಯಿದೆ. ಸಮುದ್ರದ ಚಿಪ್ಪು ನಿಧಾನ ತೆರೆದು ಫಟ್ಟನೆ ಮುಚ್ಚಿ ಮುಂದೆ ಚಿಮ್ಮುತ್ತದೆ. ಅದನ್ನೇ ಬ್ಯಾಕ್ಟೀರಿಯಾ ಗಾತ್ರಕ್ಕೆ ಇಳಿಸಿದರೆ ಎಷ್ಟೇ ವೇಗವಾಗಿ ಮುಚ್ಚಿದರೂ ಮುಂದೆ ಹೋದಷ್ಟೇ ಹಿಂದೆ ಬರುತ್ತದೆ. ಆ ಅಳತೆಯಲ್ಲಿ ನೀರಿನ ಸ್ನಿಗ್ಧತೆಯೇ ಎಲ್ಲವನ್ನೂ ಆಳುತ್ತದೆ, ಜಡತ್ವಕ್ಕೆ ಬೆಲೆಯಿಲ್ಲ. ಹಾಗಾಗಿ ಬರೀ ತೆರೆದು ಮುಚ್ಚುವ ಒಂದು ಚಲನೆ ಕಲಿತ ಸೂಕ್ಷ್ಮಯಂತ್ರ ಈಜಲಾರದು. ಬ್ಯಾಕ್ಟೀರಿಯಾಗಳು ಬಾಲವನ್ನು ತಿರುಪಿನಂತೆ ತಿರುಗಿಸುವುದು ಈ ಕಾರಣಕ್ಕೇ.

ಈ ಹಿನ್ನೆಲೆಯಲ್ಲಿ 'ಕ್ಯಾನ್ಸರ್ ಕೊಲ್ಲುವ ನ್ಯಾನೊ ಮೀನು' ಬಗೆಯ ಸುದ್ದಿಗಳನ್ನು ಓದಬೇಕು. ಚೀನಾದ ಹಫೇ ನಗರದ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ತಂಡ 2021ರಲ್ಲಿ ಮೀನು, ಏಡಿ, ಚಿಟ್ಟೆ ಆಕಾರದ ಜೆಲ್ ರಚನೆಗಳನ್ನು ಮಾಡಿತ್ತು. ಕೆಲಸ ನಿಜಕ್ಕೂ ಸೊಗಸಾದದ್ದು. ಸುತ್ತಲಿನ ದ್ರವ ಸ್ವಲ್ಪ ಹುಳಿಯಾದರೆ ಮೀನು ಬಾಯಿ ತೆರೆದು ಒಳಗಿಟ್ಟ ಔಷಧಿ ಬಿಡುತ್ತದೆ. ಗಡ್ಡೆಗಳ ಸುತ್ತ ಆಮ್ಲೀಯತೆ ತುಸು ಹೆಚ್ಚಿರುವುದರಿಂದ ಈ ಆಯ್ಕೆ. ಆದರೆ ಮೀನು ತಾನಾಗಿ ಈಜುವುದಿಲ್ಲ. ಅದರ ಮೈಗೆ ಕಬ್ಬಿಣದ ಆಕ್ಸೈಡಿನ ಕಣಗಳನ್ನು ಹಿಡಿಸಿ ಹೊರಗಿನಿಂದ ಅಯಸ್ಕಾಂತದಲ್ಲಿ ನಡೆಸಬೇಕು. ನಡೆದದ್ದೂ ಪ್ರಯೋಗಾಲಯದ ಕೃತಕ ರಕ್ತನಾಳಗಳಲ್ಲಿ, ಕೊಂದದ್ದು ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳನ್ನು. ತಟ್ಟೆಯಲ್ಲಿ ಸೂಕ್ಷ್ಮದರ್ಶಕ ಹಿಡಿದು ಮೀನನ್ನು ನೋಡುತ್ತಾ ನಡೆಸಬಹುದು, ಮೈಯೊಳಗೆ ಅಷ್ಟು ಸಣ್ಣದನ್ನು ಕಾಣುವುದೇ ದೊಡ್ಡ ಸಮಸ್ಯೆ. ಕೆಲಸ ಮುಗಿದ ಮೇಲೆ ಮೀನನ್ನು ಹೊರತರುವವರು ಯಾರು ಎಂಬುದು ಇನ್ನೊಂದು. ಸುದ್ದಿ ಬರೆಯುವವರು ಈ ನಾಲ್ಕು ಸಾಲುಗಳನ್ನೂ ಸೇರಿಸಿದರೆ ಓದುಗರಿಗೂ ರೋಗಿಗಳಿಗೂ ಉಪಕಾರವಾದೀತು.

ಹೆಚ್ಚು ಸದ್ದು ಮಾಡದ, ಆದರೆ ಬೇಗ ಅಂಗಡಿಗೆ ಬರಬಹುದು ಎಂದು ನನಗನಿಸುವ ಕೆಲಸ ಸಿಂಗಪುರದ್ದು. ಅಲ್ಲಿನ ತಂತ್ರಜ್ಞಾನ ಮತ್ತು ವಿನ್ಯಾಸ ವಿಶ್ವವಿದ್ಯಾಲಯದ ಜೋಯಲ್ ಯಾಂಗ್ ತಂಡ ಆಕಾರ ನೆನಪಿಡುವ ಪಾಲಿಮರ್ ಬಳಸಿತು. ಇದನ್ನು ಬಿಸಿ ಮಾಡಿ ಒತ್ತಿ ಹಾಗೇ ತಣಿಸಿದರೆ ಒತ್ತಿದ ಆಕಾರದಲ್ಲೇ ನಿಲ್ಲುತ್ತದೆ, ಮತ್ತೆ ಬಿಸಿ ತಾಗಿಸಿದರೆ ಹುಟ್ಟಿದಾಗಿನ ಆಕಾರಕ್ಕೆ ಮರಳುತ್ತದೆ. ಈ ಪಾಲಿಮರ್‌ನಲ್ಲಿ ಅವರು ನ್ಯಾನೊ ಗಾತ್ರದ ಜಾಲರಿಗಳನ್ನು ಬರೆದರು. ಜಾಲರಿಯ ಎತ್ತರ, ಅಂತರಗಳಿಗೆ ತಕ್ಕಂತೆ ಕೆಂಪು, ಹಸಿರು, ನೀಲಿ ಕಾಣುತ್ತದೆ. ಬಣ್ಣದ ಪುಡಿ ಒಂದು ಚೂರೂ ಇಲ್ಲ, ನವಿಲುಗರಿಯಲ್ಲಿರುವಂತೆ ರಚನೆಯಿಂದಲೇ ಬಂದ ಬಣ್ಣ. ಬಿಸಿಯಲ್ಲಿ ಒತ್ತಿದರೆ ಜಾಲರಿ ಚಪ್ಪಟೆಯಾಗಿ ಚಿತ್ರ ಮಾಯ, ಬರೀ ಪಾರದರ್ಶಕ ಹಾಳೆ. ಮತ್ತೆ ಬಿಸಿ ಮಾಡಿದರೆ ಬಣ್ಣಗಳೆಲ್ಲ ವಾಪಸ್. ಔಷಧಿ ಡಬ್ಬಿಯ ಮೇಲೆ, ದಾಖಲೆಗಳ ಮೇಲೆ ನಕಲಿ ತಡೆಯುವ ಗುರುತಾಗಿ ಇದನ್ನು ಬಳಸುವುದಕ್ಕೆ ಯಾರ ರಕ್ತನಾಳವನ್ನೂ ಹೊಗಬೇಕಿಲ್ಲ.

ಕಾರ್ಲ್ಸ್‌ರೂಹೆಯ ಬಾಗುವ ತೊಲೆಯ ಕೆಲಸದಲ್ಲಿದ್ದ ಎವಾ ಬ್ಲಾಸ್ಕೊ ಈಗ ಹೈಡಲ್‌ಬರ್ಗ್‌ನಲ್ಲಿದ್ದಾರೆ. ಅವರ ತಂಡ 2022ರಲ್ಲಿ ಇನ್ನೂ ಮುಂದೆ ಹೋಯಿತು. ಮುದ್ರಿಸಿ ಮುಗಿದ ಪುಟ್ಟ ಹಲ್ಲಿ, ಆಕ್ಟೋಪಸ್‌ಗಳ ಬಲೆಯಲ್ಲಿ ಆಲ್ಕಾಕ್ಸಿಅಮೈನ್ ಎಂಬ, ಬಿಸಿಗೆ ಬಿಚ್ಚಿ ಮತ್ತೆ ಕೂಡುವ ಕೊಂಡಿಗಳಿವೆ. ಬಿಚ್ಚಿದ ಹೊತ್ತಿಗೆ ಹೊಸ ಅಣುಗಳನ್ನು ಉಣ್ಣಿಸಿದರೆ ಅವು ನಡುವೆ ಸೇರಿಕೊಳ್ಳುತ್ತವೆ, ಕೆಲವೇ ಗಂಟೆಗಳಲ್ಲಿ ಹಲ್ಲಿ ಎಂಟು ಪಟ್ಟು ಬೆಳೆಯುತ್ತದೆ, ಗಡಸುತನವೂ ಬದಲಾಗುತ್ತದೆ.

ಇಷ್ಟೆಲ್ಲ ಇದ್ದೂ ಇದು ಪ್ರಯೋಗಾಲಯದ ಗೋಡೆ ದಾಟದಿರಲು ದೊಡ್ಡ ಕಾರಣ ಸಮಯ. ಅರ್ಧ ಮೈಕ್ರೋಮೀಟರ್‌ನ ಚುಕ್ಕಿಗಳಿಂದ ಒಂದು ಘನ ಮಿಲಿಮೀಟರ್ ತುಂಬಬೇಕಾದರೆ 800 ಕೋಟಿ ಚುಕ್ಕಿ ಬೇಕು. ಸೆಕೆಂಡಿಗೆ ಹತ್ತು ಲಕ್ಷ ಚುಕ್ಕಿ ಇಟ್ಟರೂ ಎರಡು ಗಂಟೆ ಮೀರುತ್ತದೆ. ಒಂದು ಘನ ಸೆಂಟಿಮೀಟರ್‌ಗೆ ಮೂರು ತಿಂಗಳು. ಕಾರ್ಲ್ಸ್‌ರೂಹೆಯ ವೆಗೆನರ್ ತಂಡ 2020ರಲ್ಲಿ ಒಂದು ಲೇಸರನ್ನು ಒಂಬತ್ತು ಬಿಂದುಗಳಾಗಿ ಹಂಚಿ ವೇಗವನ್ನು ಸೆಕೆಂಡಿಗೆ ಒಂದು ಕೋಟಿ ಚುಕ್ಕಿಗೆ ಏರಿಸಿತು, ಒಂದು ಲಕ್ಷಕ್ಕೂ ಹೆಚ್ಚು ಕೋಣೆಗಳಿರುವ ಜಾಲವೊಂದನ್ನು ಕಟ್ಟಿ ತೋರಿಸಿತು. ಅದು ಅಲುಗದ, ಗಟ್ಟಿ ಪಾಲಿಮರ್. ಅಲುಗುವ ವಸ್ತುವಿಗೆ ಇದೇ ಉಪಾಯ ಹೂಡಿದರೆ ಕಷ್ಟ ಬೇರೆ. ಒಂಬತ್ತರಲ್ಲಿ ಒಂದು ಬಿಂದು ಉಳಿದವಕ್ಕಿಂತ ಶೇಕಡ 5ರಷ್ಟು ಪ್ರಖರವಾಗಿದ್ದರೆ, ವರ್ಗದ ಲೆಕ್ಕದಲ್ಲಿ ಅಲ್ಲಿ ಕ್ರಿಯೆ ಶೇಕಡ 10ರಷ್ಟು ಹೆಚ್ಚಾಗುತ್ತದೆ. ಗಟ್ಟಿ ಗೋಪುರ ಇದನ್ನು ತಾಳಿಕೊಳ್ಳುತ್ತದೆ. ಬಾಗಬೇಕಾದ ತೊಲೆಗೆ ಮಾತ್ರ ಅದು ಬೇರೆಯೇ ಆದೇಶವಾಗಿಬಿಡುತ್ತದೆ, ಒಂಬತ್ತು ತೊಲೆಗಳಲ್ಲಿ ಎಂಟು ಒಂದು ಕೋನಕ್ಕೆ ಬಾಗಿದರೆ ಒಂಬತ್ತನೆಯದು ತನ್ನದೇ ಕೋನಕ್ಕೆ ಬಾಗುತ್ತದೆ.